ಮಾಂಯ್ ನಂಬಿದ ಕೆಂಪು ದೀಪ

ನನಗೆ ಕಾರು ಬಿಡಲು ಬರುತ್ತದೆ. ಈ ವಾಕ್ಯ ಬರೆಯುವಾಗ ಇಂದಿಗೂ ನನ್ನ ಬಲಗಾಲು ಮೇಜಿನ ಕೆಳಗೆ ತಾನಾಗಿಯೇ ನೆಲವನ್ನು ಒತ್ತುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಸೂತಿ ಕಲಿಸಿದರು, ಸೂಪನ್ನು ಸದ್ದಾಗದಂತೆ ಕುಡಿಯಲು ಕಲಿಸಿದರು, ಮೊಣಕಾಲು ಜೋಡಿಸಿ ಕೂರಲು ಕಲಿಸಿದರು. ಮೊಣಕಾಲು ಜೋಡಿಸಿಕೊಂಡು ಕ್ಲಚ್ಚು ಒತ್ತಲಾಗುವುದಿಲ್ಲ ಎಂಬುದು ಗೊತ್ತಾಗಲು ನಾನು ಎರಡು ಮಕ್ಕಳ ತಾಯಿಯಾಗಬೇಕಾಯಿತು. ಗೊತ್ತಾದ ದಿನ ಆದ ಸಂತೋಷವನ್ನು ಪಾಪನಿವೇದನೆಯಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಲೈಸೆನ್ಸು ಬಂತು, ಕೀ ಬರಲಿಲ್ಲ. ಅದು ಯಜಮಾನರ ಪ್ಯಾಂಟಿನ ಜೇಬಿನಲ್ಲೇ ವಾಸವಾಗಿತ್ತು. ಬ್ಯಾಂಕಿನ ಕೆಲಸಕ್ಕೆಂದು ಒಂದು ವಾರ ಹಾಸನಕ್ಕೆ ಹೊರಟಾಗ, ಅದೇನು ಮನಸ್ಸು ಕರಗಿತೋ, ಅದನ್ನು ನನ್ನ ಅಂಗೈಯಲ್ಲಿಟ್ಟರು. "ಒಮ್ಮೆ ಕೊಟ್ಟು ನೋಡ್ತೇನೆ. ದಾರಿಯಲ್ಲಿ ಎಂತಾದರೂ ಆಯಿತೋ, ಮತ್ತೆ ಕೀ ಕೇಳಬಾರದು" ಎಂದರು. ಅವರ ರಿಕ್ಷಾ ಫಳ್ನೀರಿನ ತಿರುವು ದಾಟುವ ಮೊದಲೇ ನಾನು ಕಾರಿನ ಗಾಜು ಒರೆಸುತ್ತಿದ್ದೆ.

ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಇರಲಿಲ್ಲ. ನಾದಿನಿ ಬಾಣಂತನ ಮುಗಿಸಿ ಮಗುವಿನೊಂದಿಗೆ ಕಾಟಿಪಳ್ಳದ ಗಂಡನ ಮನೆಗೆ ಹೋದಂದಿನಿಂದ ನನ್ನ ಅತ್ತೆ, ಕೊಂಕಣಿಯಲ್ಲಿ ನಾವು ಮಾಂಯ್ ಎನ್ನುತ್ತೇವೆ, ಬರಿದಾದ ತೊಟ್ಟಿಲನ್ನು ಹೋಗಿಬರುವಾಗ ಒಮ್ಮೆ ತೂಗಿಯೇ ಹೋಗುತ್ತಿದ್ದರು. ಬಸ್ಸೆಂದರೆ ಅವರಿಗೆ ವಾಂತಿ, ಸೊಸೆ ಬಿಡುವ ಕಾರೆಂದರೆ ಭಯ. ಆದರೂ ಬರಲು ಒಪ್ಪಿದರು. ಅದು ನನ್ನ ಮೇಲಿನ ನಂಬಿಕೆಯಿಂದಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪದ ಮೇಲಿನ ನಂಬಿಕೆಯಿಂದ.

ಆ ದೀಪದ ಕತೆ ಹೇಳಬೇಕು. ನಮ್ಮವರ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಪುಟ್ಟ ಕೆಂಪು ಬಲ್ಬೊಂದು ಹಗಲಿರುಳು ಉರಿಯುತ್ತಿರುತ್ತದೆ. ಪಾದ್ರಿಗಳು ಬಂದು ನಮ್ಮ ಹಳೆಯ ಕಾರನ್ನು ಆಶೀರ್ವದಿಸಿದ ದಿನ ಮಾಂಯ್ ಬೆಂಕಿಪೊಟ್ಟಣದಷ್ಟು ದೊಡ್ಡ ಅಂಥದೇ ಪಟವನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದರು. ಇಂಜಿನ್ನಿನ ಎಣ್ಣೆ ಕಡಿಮೆಯಾದರೆ ಹತ್ತುವ ಕೆಂಪು ದೀಪ ಸರಿಯಾಗಿ ಅದರ ಕೆಳಗೇ ಬಂತು. ಕೀ ತಿರುಗಿಸಿದರೆ ಅದು ಹತ್ತುವುದು, ಇಂಜಿನ್ ಶುರುವಾದರೆ ಆರುವುದು. ಕಾರು ಮಾಡಿದವರ ಭಕ್ತಿಯನ್ನು ಮೆಚ್ಚಿದ ಮಾಂಯ್‌ಗೆ ಇದೊಂದೇ ತಕರಾರು. "ನಿಂತಲ್ಲಿ ಯೇಸು ಯಾಕೆ ಬಾಯೇ? ಓಡುವಾಗ ಅಲ್ವಾ ಬೇಕಾದ್ದು?" ಎನ್ನುತ್ತಿದ್ದರು. ಡ್ರೈವಿಂಗ್ ಕಲಿಸಿದ ಮಾಸ್ಟರು ನನಗೆ, "ಕೆಂಪು ಹತ್ತಿದರೆ ನಿಲ್ಲಿಸಿ" ಎಂದಷ್ಟೇ ಹೇಳಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಪ್ರಶ್ನೆ ಕೇಳುವ ರೂಢಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹೊರಟೆವು. ಮಾಂಯ್ ಮಡಿಲಲ್ಲಿ ಮಗುವಿನ ಉಣ್ಣೆಯ ಟೊಪ್ಪಿ, ಕೈಯಲ್ಲಿ ಜಪಮಾಲೆ. ಹಂಪನಕಟ್ಟೆಯಲ್ಲಿ ಬಸ್ಸೊಂದು ಅಡ್ಡ ನಿಂತು ನಾನು ನಿಧಾನ ಮಾಡಿದೆ. ದೀಪ ಹತ್ತಿತು. ಎದುರಿಗೆ ಇಗರ್ಜಿ, ಅಂದರೆ ನಮ್ಮ ಚರ್ಚು. ಮಾಂಯ್ ಶಿಲುಬೆಯ ಗುರುತು ಮಾಡಿಕೊಂಡು, "ಕಂಡಿತಾ, ಇಗರ್ಜಿಗೆ ಮರ್ಯಾದೆ" ಎಂದರು. ನನಗೆ ಮಾಸ್ಟರರ ಮಾತು ನೆನಪಾಯಿತು. ಆದರೆ ನಿಲ್ಲಿಸಿದರೆ ಕೀ ಹೋಯಿತು. ಬಸ್ಸು ಸರಿಯಿತು, ಆಕ್ಸಿಲರೇಟರ್ ಒತ್ತಿದೆ, ದೀಪ ಆರಿತು. ಓಹೋ, ಇಷ್ಟೇ ಅಲ್ಲವೇ ಎನಿಸಿತು. ನಿಧಾನವಾದರೆ ಹತ್ತುತ್ತದೆ, ಜೋರಾದರೆ ಆರುತ್ತದೆ. ಹಾಗಾದರೆ ಜೋರಾಗಿಯೇ ಹೋಗಬೇಕು.

ಹಾಗೆ ಹೋದದ್ದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಕೊಟ್ಟಾರದಲ್ಲಿ ಸುರತ್ಕಲ್ಲಿನ ಬಸ್ಸನ್ನು ಹಿಂದೆ ಹಾಕಿದೆ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಾಯಿಗೆ ಹಾಕಹೊರಟ ವೀಳ್ಯದೆಲೆಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದ. ನನ್ನ ಸೆರಗು ಗಾಳಿಗೆ ಹಾರಿ ಮಾಂಯ್ ಅವರ ಕನ್ನಡಕಕ್ಕೆ ಸುತ್ತಿಕೊಂಡಿತು. ಅವರು ಅದರೊಳಗಿನಿಂದಲೇ ಜಪ ಮುಂದುವರಿಸಿದರು. ಕೂಳೂರು ಸೇತುವೆಯ ಬಳಿ ಲಾರಿಗಳ ಸಾಲು ಸಿಕ್ಕಿ ದೀಪ ಮತ್ತೆ ಹತ್ತಿತು. ಸೇತುವೆ ದಾಟಿದ ಮೇಲೆ ಎಷ್ಟು ಒತ್ತಿದರೂ ಆರಲಿಲ್ಲ. "ಇವತ್ತು ಬಿಟ್ಟು ಹೋಗುವುದೇ ಇಲ್ಲ ನೋಡು" ಎಂದು ಮಾಂಯ್ ಹಿಗ್ಗಿದರು. ಅಷ್ಟರಲ್ಲಿ ಇಂಜಿನ್ನಿನಿಂದ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ ಸದ್ದು ಶುರುವಾಯಿತು. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಪಣಂಬೂರಿನ ಪೆಟ್ರೋಲ್ ಪಂಪಿಗೆ ನುಗ್ಗಿಸಿ ನಿಲ್ಲಿಸಿದೆ.

ಪಂಪಿನವನು ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, "ಎಂತ ಬಾಯಮ್ಮ, ಇದರಲ್ಲಿ ಒಗ್ಗರಣೆಗೂ ಎಣ್ಣೆ ಇಲ್ಲ" ಎಂದ. ನಮ್ಮ ಕಾರು ನಿಲ್ಲುವ ಜಾಗದಲ್ಲಿ ದಿನಾ ಬೀಳುತ್ತಿದ್ದ ಕಪ್ಪು ಕಲೆ ಆಗ ನೆನಪಾಯಿತು. ಅದನ್ನು ಪ್ರತಿ ಬೆಳಿಗ್ಗೆ ಸೋಪಿನ ಪುಡಿ ಹಾಕಿ ಉಜ್ಜಿ ತೆಗೆದು, ನೆಲ ಎಷ್ಟು ಚೆಂದವಾಯಿತೆಂದು ನಿಂತು ನೋಡುತ್ತಿದ್ದವಳು ನಾನೇ.

ಅವನು ಸೋರುವಲ್ಲಿನ ತಿರುಪು ಬಿಗಿದು ಎಣ್ಣೆ ಸುರಿದ. ಕೀ ತಿರುಗಿಸಿದೆ. ಸದ್ದು ಹೋಯಿತು, ದೀಪವೂ ಆರಿತು. ಕಾರು ಹತ್ತಲು ಹೊರಟಿದ್ದ ಮಾಂಯ್ ಬಾಗಿಲಲ್ಲೇ ನಿಂತರು.

"ಎಣ್ಣೆ ಹಾಕಿದ ಮೇಲೆ ದೀಪ ಆರಿದ್ದು ನಾನು ಎಲ್ಲೂ ನೋಡಿಲ್ಲ ಬಾಯೇ. ಎಂತ ಮಾಡಿಸಿದೆ ನೀನು? ನಾನು ಬಸ್ಸಿಗೆ ಹೋಗ್ತೇನೆ."

ಮಾಂಯ್ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಮಗಳ ಮನೆಗೆ ತಲುಪಿದರೆ ನನ್ನ ಕೀಯ ಗತಿ ಏನು? ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. "ಮಾಂಯ್, ಅದು ಯೇಸುವಿಗೆ ಇಟ್ಟ ದೀಪ ಅಲ್ಲ. ಕಾರಿಗೆ ಅಪಾಯ ಉಂಟು ಅಂತ ನಮಗೆ ಹೇಳುವ ದೀಪ."

ಮಾಂಯ್ ಪಟವನ್ನು ನೋಡಿದರು, ದೀಪವನ್ನು ನೋಡಿದರು. "ಅಂದರೆ ಹಂಪನಕಟ್ಟೆಯಿಂದ ಯೇಸು ನನಗೆ ಇಳಿ, ಇಳಿ ಅಂತ ಹೇಳ್ತಾ ಇದ್ದದ್ದಾ?"

"ಹೌದು ಮಾಂಯ್."

"ನಿನಗೆ ಕಾಣಲಿಲ್ಲವಾ?"

"ಕಂಡಿತು."

"ಮತ್ತೆ ನೀನು ಎಂತ ಮಾಡಿದೆ?"

"ಸ್ಪೀಡ್ ಹೆಚ್ಚು ಮಾಡಿದೆ."

ಪಂಪಿನವನು ಬೇರೆ ಕಡೆ ತಿರುಗಿ ಕೆಮ್ಮಿದ. ಮಾಂಯ್ ಮಗುವಿನ ಟೊಪ್ಪಿಯನ್ನು ಮಡಚಿದರು, ಬಿಡಿಸಿದರು. ಕೊನೆಗೆ ಹತ್ತಿ ಕೂತು, "ಹೋಗು. ನಿಧಾನ" ಎಂದರು.

ಯಜಮಾನರು ಹಾಸನದಿಂದ ಬಂದವರು ಚೀಲ ಇಳಿಸುವ ಮೊದಲೇ, "ದಾರಿಯಲ್ಲಿ ಎಂತಾದರೂ ಆಯಿತಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಂಯ್, "ಎಂತ ಇಲ್ಲ. ಎಣ್ಣೆ ನೋಡದೆ ಕಾರು ಕೊಟ್ಟು ಹೋದದ್ದು ನೀನು. ಹಾಕಿಸಿ ತಂದದ್ದು ಅವಳು. ಕೀ ಅವಳ ಹತ್ತಿರ ಇರಲಿ" ಎಂದರು. ಯಜಮಾನರು ತಲೆ ಕೆರೆದುಕೊಂಡು ಸ್ನಾನಕ್ಕೆ ಹೋದರು. ನನ್ನ ಕಣ್ಣು ತುಂಬಿ ಬಂತು. ಕೃತಜ್ಞತೆಯಿಂದ ಮಾಂಯ್ ಅವರ ಕೈ ಹಿಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ತಟ್ಟಿ, ಬಚ್ಚಲಿನ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು.

"ಸ್ಪೀಡಿನ ವಿಷಯ ನಾನು ಸಾಯುವವರೆಗೆ ಅವನಿಗೆ ಹೇಳುವುದಿಲ್ಲ ಬಾಯೇ. ಬುಧವಾರ ಬುಧವಾರ ಮಗುವನ್ನು ನೋಡಲಿಕ್ಕೆ ಹೋಗುವ, ಆಗದಾ?"

ಹೀಗೆ ಕಾರಿನ ಕೀ ನನ್ನ ಕೈಗೆ ಬಂತು. ನಾನು ಯಾರ ಕೈಗೆ ಬಂದೆ ಎಂದು ತಿಳಿಯಲು ಮುಂದಿನ ಬುಧವಾರ ಸಾಕಾಯಿತು.