ಮೈಲಾಪುರದ ಮನೆಯೊಳಗಿನ ರಸ್ತೆ

ಮನೆ ಬದಲಿಸುವುದು ಅಂದರೆ ಬೇರೆಯವರಿಗೆ ಒಂದು ದಿನದ ಕೆಲಸ. ನಮಗೆ ಮಾತ್ರ ಯಾವ ಕೆಲಸವೂ ನೆಟ್ಟಗೆ ಆದದ್ದು ಅಂತ ಇಲ್ಲ. ಅಮ್ಮ, ತಂಗಿ, ನಾನು, ಇಷ್ಟೇ ನಮ್ಮ ಸಂಸಾರ. ಆದರೂ ಅರವತ್ತರ ದಶಕದ ಮದ್ರಾಸಿನಲ್ಲಿ ನಮ್ಮ ಮನೆಯಷ್ಟು ಜನ ಓಡಾಡಿದ ಮನೆ ಇನ್ನೊಂದು ಇದ್ದಿರಲಿಕ್ಕಿಲ್ಲ.

೧. ಎರಡು ಬಸ್ಸಿನ ನಿದ್ದೆ

ನಾನಾಗ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಮನೆ ಅದರ ಪಕ್ಕದಲ್ಲೇ. ನನಗೆ ಸುಖ, ತಂಗಿಗೆ ತೊಂದರೆ. ಅವಳನ್ನು ನೋಡಲು ಬರುವ ಗಂಡಿನ ಕಡೆಯವರು ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು, ಬಂದು ತಲುಪುವಾಗ ಅರೆಜೀವ ಆಗಿರುತ್ತಿದ್ದರು. ಇಬ್ಬರು ಹಾಗೆ ಬಂದು ಹೋದರು, ಕಾಗದ ಬರೆಯಲಿಲ್ಲ. ಮೂರನೆಯ ಗಂಡಿನ ತಾಯಿ ಗೋಡೆಗೆ ಒರಗಿ ಕೂತವರು ಹಾಗೇ ನಿದ್ದೆಹೋದರು. ತಂಗಿ ಕಾಫಿ ತಂದಳು, ನಮಸ್ಕಾರ ಮಾಡಿದಳು, ಎರಡು ದೇವರನಾಮ ಹಾಡಿ ಒಳಗೆ ಹೋದಳು. ಅವರಿಗೆ ಎಚ್ಚರವಾದದ್ದು ಆಮೇಲೆ. "ಹುಡುಗಿ ಇನ್ನೂ ರೆಡಿ ಆಗಲಿಲ್ವಾ?" ಅಂತ ಕೇಳಿದರು.

೨. ಬೆಳಗಿನ ಅತಿಥಿ

ಅಮ್ಮ ಹಟ ಹಿಡಿದಳು. ಪೇಟೆ ನಡುವೆ ಮನೆ ಹಿಡಿಯದಿದ್ದರೆ ಇವಳಿಗೆ ಮದುವೆಯೇ ಇಲ್ಲ ಅಂದಳು. ಹುಡುಕಿ ಹುಡುಕಿ ಮೈಲಾಪುರದಲ್ಲಿ ಒಂದು ಹಳೇ ಮನೆ ಸಿಕ್ಕಿತು. ಮುಂಬಾಗಿಲು ದೇವಸ್ಥಾನದ ಕೊಳದ ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಪಾರ್ಕು, ಸಂಜೆ ಸಂಗೀತ ಕಚೇರಿ, ನಾಟಕ ನಡೆಯುವ ಸಭಾ. "ಇಲ್ಲಿಂದ ಎಲ್ಲದಕ್ಕೂ ನಡೆದೇ ಹೋಗಬಹುದು" ಎಂದರು ಯಜಮಾನರು, ಒಬ್ಬ ಮುದಿ ವಕೀಲರು. ಗಂಡಿನವರು ನಡೆದು ಬರಲಿ ಅಂತ ನಾನು ದಿನಾ ಎರಡು ಬಸ್ಸು ಹಿಡಿಯಲು ಒಪ್ಪಿಕೊಂಡೆ. ಎಂಥ ಬುದ್ಧಿವಂತ ನೋಡಿ.

ಮೊದಲ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡ ಒಬ್ಬ ತಾತ ಮುಂಬಾಗಿಲಿನಿಂದ ಬಂದರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು, ನಡುಮನೆ ದಾಟಿ ಅಡಿಗೆಮನೆಗೆ ನಡೆದರು. ನನ್ನ ಪರಿಚಯದವರು ಅಂತ ಅಮ್ಮ, ಅಮ್ಮನ ಕಡೆಯವರು ಅಂತ ನಾನು. ಅಮ್ಮ ಕಾಫಿ ಕೊಟ್ಟಳು. ಅವರು ನಿಂತೇ ಕುಡಿದು ಲೋಟ ಇಟ್ಟು ಹಿಂಬಾಗಿಲಿನಿಂದ ಪಾರ್ಕಿಗೆ ಹೋದರು. ಹೋಗುವಾಗ, ಹಿಂದಿನ ಬಾಡಿಗೆದಾರರ ಕಾಫಿ ಇದಕ್ಕಿಂತ ಸ್ಟ್ರಾಂಗಾಗಿತ್ತು ಅಂತ ಹೇಳಿ ಹೋದರು.

೩. ಬೀಗ ಹಾಕಿದ ದಿನ

ಅವರ ಹಿಂದೆಯೇ ಹೂವಿನವಳು, ಇಬ್ಬರು ಮೇಷ್ಟ್ರು, ವೀಣೆ ಕ್ಲಾಸಿನ ಹುಡುಗಿಯರು. ಎಲ್ಲರೂ ಮರ್ಯಾದಸ್ಥರು, ಚಪ್ಪಲಿ ಕೈಯಲ್ಲೇ. ನಾನು ವಕೀಲರ ಹತ್ತಿರ ಹೋಗಿ ಕೂಗಾಡಿದೆ. ಅವರು ಶಾಂತವಾಗಿ, ಬೀದಿ ಸುತ್ತಿ ಹೋಗುವುದು ದೂರ, ತಮ್ಮ ತಾತನ ಕಾಲದಿಂದ ಜನ ಹೀಗೇ ಹೋಗುವುದು, ನಡುವೆ ನೀವು ಬಂದಿದ್ದೀರಿ ಅಂದರು.

ಮರುದಿನ ಎರಡೂ ಬಾಗಿಲಿಗೆ ಬೀಗ ಹಾಕಿದೆ. ಎಂಟು ಗಂಟೆಗೆ ಹೊರಗೆ ಕ್ಯೂ ನಿಂತಿತ್ತು. ಒಬ್ಬರು ಮಾಮಿ ಕಿಟಕಿಯಿಂದ ಬಗ್ಗಿ, ಬಾಡಿಗೆಗೆ ಹಿಡಿದ ಮಾತ್ರಕ್ಕೆ ರಸ್ತೆ ನಿನ್ನದಾಯಿತಾ ಅಂತ ನನ್ನನ್ನು ಬೈದರು. ಆ ಕ್ಯೂನಲ್ಲಿ ನಾಲ್ಕನೆಯವರು ನಮ್ಮ ವಕೀಲರು.

೪. ಅಮ್ಮನೂ ಯಮನೂ

ಆಮೇಲೆ ನಮಗೂ ರೂಢಿಯಾಯಿತು. ಸಾರಿಗೆ ಹುಳಿ ಹೆಚ್ಚಾದರೆ ದಾರಿಹೋಕರೇ ಹೇಳುತ್ತಿದ್ದರು. ಒಂದು ಸಂಜೆ ಅಮ್ಮನಿಗೆ ಜೋರು ಜ್ವರ, ನಡುಮನೆಯಲ್ಲೇ ಮಲಗಿದ್ದಳು. ಸಭಾದಲ್ಲಿ ಪೌರಾಣಿಕ ನಾಟಕ. ಲೇಟಾಯಿತೆಂದು ಪಾತ್ರಧಾರಿಯೊಬ್ಬ ವೇಷ ಹಾಕಿಕೊಂಡೇ ಹೊರಟಿದ್ದ. ಅಮ್ಮ ಕಣ್ಣು ಬಿಟ್ಟರೆ ತಲೆಯ ಹತ್ತಿರ ಯಮಧರ್ಮರಾಯ. ಕಿರೀಟ, ಮೀಸೆ, ಒಂದು ಕೈಯಲ್ಲಿ ಪಾಶ, ಇನ್ನೊಂದರಲ್ಲಿ ಚಪ್ಪಲಿ.

ಅಮ್ಮ ಹೆದರಲಿಲ್ಲ. ಎದ್ದು ಕೂತು ಕೈಮುಗಿದು, "ಮಗಳ ಮದುವೆ ಒಂದು ಆಗಲಿ ಸ್ವಾಮೀ, ಆಮೇಲೆ ನಾನೇ ಬರ್ತೇನೆ" ಅಂದಳು. ಅವನಿಗೆ ಕನ್ನಡ ಬರುವುದಿಲ್ಲ. "ಸರಿ ಮಾಮಿ" ಅಂತ ತಲೆಯಾಡಿಸಿ ಅಡಿಗೆಮನೆ ಕಡೆಗೆ ನಡೆದ. ಮರುದಿನ ಜ್ವರ ಬಿಟ್ಟಿತ್ತು. ಯಮ ಬಹಳ ಒಳ್ಳೆಯವನು, ಆದರೆ ತಮಿಳಿನವನು ಅಂತ ಅಮ್ಮ ಊರಿಗೆಲ್ಲ ಕಾಗದ ಬರೆಸಿದಳು.

೫. ಹೆಣ್ಣು ನೋಡಿದ್ದು

ಯಮನಿಗೆ ಮಾತು ಕೊಟ್ಟ ಮೇಲೆ ಅಮ್ಮನಿಗೆ ಅವಸರ ಹತ್ತಿತು. ನಮ್ಮ ಉಡುಪಿ ಕಡೆಯ ಹೋಟೆಲಿನ ಭಟ್ಟರು ಒಂದು ಜಾತಕ ತಂದರು. ಹುಡುಗ ನಮ್ಮವನೇ, ನುಂಗಂಬಾಕ್ಕಂನ ಆಫೀಸೊಂದರಲ್ಲಿ ಗುಮಾಸ್ತ. ಇದೂ ತಪ್ಪಿದರೆ ಅಮ್ಮ ಹಾಸಿಗೆ ಹಿಡಿಯುವುದು ಖಂಡಿತ. ತಂಗಿ ಮಾತ್ರ, ಇನ್ನು ಯಾರ ಮುಂದೆಯೂ ಹಾಡಲಾರೆ ಅಂತ ಅತ್ತಳು.

ಆ ದಿನ ಬಾಗಿಲಲ್ಲಿ ನಿಂತು, ಇವತ್ತೊಂದು ದಿನ ಸುತ್ತಿ ಹೋಗಿ, ಹೆಣ್ಣು ನೋಡಲು ಬರುತ್ತಾರೆ ಅಂತ ಎಲ್ಲರಿಗೂ ಕೈಮುಗಿದೆ. ಪಾಪ, ಒಬ್ಬರೂ ದಾಟಿ ಹೋಗಲಿಲ್ಲ. ಹಾಗಾದರೆ ನಾವೂ ಇರಬೇಕಲ್ಲ ಅಂತ ಒಳಗೆ ಬಂದು ಚಾಪೆಯ ಮೇಲೆ ಕೂತರು. ಮಫ್ಲರ್ ತಾತ, ಬೈದ ಮಾಮಿ, ವೀಣೆ ಹುಡುಗಿಯರು, ಎಲ್ಲರೂ.

ಊರಿಂದ ಬಂದಿದ್ದ ಗಂಡಿನ ತಂದೆತಾಯಿ ಟ್ಯಾಕ್ಸಿ ಇಳಿದು, ನಮ್ಮ ಬಳಗ ಕಂಡು ಬೆರಗಾದರು. ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹಿಂದೆ ಬಂದ. ಚಪ್ಪಲಿ ಕಳಚಿದ. ಕೈಯಲ್ಲಿ ಹಿಡಿದ. ನಡುಮನೆ ದಾಟಿದ, ಕಾಫಿ ಲೋಟ ಹಿಡಿದು ನಿಂತ ನನ್ನ ತಂಗಿಯನ್ನು ದಾಟಿದ, ಹಿಂಬಾಗಿಲಿನಿಂದ ಹೊರಟೇಹೋದ.

ಅಮ್ಮನ ಮುಖ ಬಿಳಿಚಿತು. ತಾತ ಮಾತ್ರ ಗಂಡಿನ ತಂದೆಗೆ ಸಮಾಧಾನ ಹೇಳಿದರು. ಇವನು ಆರೂವರೆ ಗಂಟೆಯವನು, ದಿನಾ ಪಾರ್ಕಿಗೆ ಹೋಗುತ್ತಾನೆ, ಬಹಳ ಸಾಧು ಅಂತ.

ಹತ್ತು ನಿಮಿಷಕ್ಕೆ ಹುಡುಗ ಬೆವರುತ್ತ ವಾಪಸು ಬಂದ. ತಾನು ಪಕ್ಕದ ಬೀದಿಯ ಮೆಸ್ಸಿನಲ್ಲಿರುವುದು, ಕಾಲು ತಾನಾಗಿ ನಡೆಯಿತು, ಇದು ಒಂದು ಮನೆ ಅಂತಲೇ ತನಗೆ ತಿಳಿದಿರಲಿಲ್ಲ ಅಂದ. ಅವನಪ್ಪ ಹಲ್ಲು ಕಚ್ಚಿಕೊಂಡು, ದಿನಾ ಬರುವವನು ಹುಡುಗಿಯನ್ನು ನೋಡಿದ್ದೀಯೋ ಇಲ್ಲವೋ ಅಂತ ಕೇಳಿದರು. ಒಂದು ದಿನವೂ ತಲೆ ಎತ್ತಿಲ್ಲ ಎಂದ. ಅವರು ಎದ್ದು ನಿಂತು, ಎಲ್ಲರೂ ಹೇಳುವ ಹಾಗೆ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಅಂದರು.

ಆಗ ತಂಗಿ ಅಡಿಗೆಮನೆಯಿಂದ, ಇಡೀ ಮೈಲಾಪುರಕ್ಕೆ ಕೇಳುವ ಹಾಗೆ ಹೇಳಿದಳು:

"ಅಣ್ಣಾ, ಅವರು ಕಾಗದ ಬರೆಯುವುದೆಲ್ಲ ಬೇಡ. ನಾಲ್ಕು ತಿಂಗಳಿಂದ ನಾನು ಗಂಡು ನೋಡಿಯಾಯಿತು, ನಮಗೆ ಒಪ್ಪಿಗೆ ಅಂತ ಹೇಳು."