ನಾನು ಭೂಸನೂರಿನಲ್ಲಿ ಸತ್ತದ್ದು

ಕೆಲವರು ಹುಟ್ಟುತ್ತಲೇ ಮ್ಯಾನೇಜರ್ ಆಗಿರುತ್ತಾರೆ. ತೊಟ್ಟಿಲಲ್ಲಿ ಮಲಗಿದ್ದಾಗಲೇ ಯಾರು ತೂಗಬೇಕು, ಯಾರು ಜೋಗುಳ ಹಾಡಬೇಕು ಎಂದು ಕೈ ಸನ್ನೆ ಮಾಡಿ ಹೇಳುವ ಜಾತಿ ಅದು. ನಾನು ಹಾಗಲ್ಲ. ನಾನು ಮ್ಯಾನೇಜರ್ ಆದದ್ದು ಒಂದು ಕಾರ್ಡಿನಲ್ಲಿ ಜಾಗ ಉಳಿದದ್ದರಿಂದ. ಆಳಂದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇದೆ. ಆರು ವರ್ಷದ ಹಿಂದೆ ಕಿಣ್ಣಿ ಸುಲ್ತಾನ ಹಳ್ಳಿಯ ಶರಣಪ್ಪ ಎಂಬ ನಾಟಕದ ಕಲಾವಿದ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದ. ಹೆಸರು ಹಾಕಿದೆ, ಊರು ಹಾಕಿದೆ, ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಉಳಿಯಿತು. ಫೋನ್ ನಂಬರ್ ಕೇಳಿದರೆ, "ತೊಗರಿ ಹೊಲ್ದಾಗ ಸಿಗ್ನಲ್ ಸಿಗಂಗಿಲ್ರಿ, ನಿಮ್ಮದ ಹಾಕ್ರಿ" ಅಂದ. ಬರೀ ನಂಬರ್ ಹಾಕಿದರೆ ಚೆನ್ನಾಗಿ ಕಾಣಲಿಲ್ಲ. ನಂಬರಿನ ಹಿಂದೆ ನನ್ನ ಹೆಸರು, ಹೆಸರಿನ ಹಿಂದೆ 'ಮ್ಯಾನೇಜರ್' ಎಂದು ಸೇರಿಸಿದೆ. ಡಿಸೈನ್ ಭರ್ತಿಯಾಯಿತು. ನನ್ನ ಬದುಕೂ ಭರ್ತಿಯಾಯಿತು.

ಶರಣಪ್ಪನ ಪ್ರತಿಭೆಯ ಬಗ್ಗೆ ಹೇಳಿಬಿಡುತ್ತೇನೆ. ಅವನು ಬಹಳ ಚೆನ್ನಾಗಿ ಸಾಯುತ್ತಿದ್ದ. ನಮ್ಮ ಕಡೆಯ ಸಾಮಾಜಿಕ ನಾಟಕಗಳಲ್ಲಿ ಒಬ್ಬ ಒಳ್ಳೆಯ ಅಣ್ಣ ಇರುತ್ತಾನೆ; ಅರ್ಧ ನಾಟಕಕ್ಕೆ ದುಷ್ಟ ಗೌಡನ ಚಾಕುವಿಗೆ ಬಲಿಯಾಗುತ್ತಾನೆ. ಆ ಅಣ್ಣನ ಪಾತ್ರಕ್ಕೆ ಮೂರು ತಾಲೂಕಿನಲ್ಲಿ ಶರಣಪ್ಪನಂಥವನು ಇನ್ನೊಬ್ಬನಿರಲಿಲ್ಲ. ಚಾಕು ತಾಗಿದ ಕೂಡಲೇ ಧೊಪ್ಪೆಂದು ಬೀಳುವ ಆಸಾಮಿಯಲ್ಲ ಅವನು. ಮೊದಲು ಒಂದು ಮೊಣಕಾಲೂರಿ ಗೌಡನನ್ನು ಕ್ಷಮಿಸುತ್ತಿದ್ದ. ಆಮೇಲೆ ನೀರು ಕೇಳುತ್ತಿದ್ದ. ತಂದುಕೊಟ್ಟರೆ ಕುಡಿಯದೆ ಹಾಡು ಹೇಳುತ್ತಿದ್ದ. ಹಾಡಿನ ಕೊನೆಯ ಸಾಲು ಅರ್ಧವಾಗಿರುವಾಗ ಕತ್ತು ವಾಲುತ್ತಿತ್ತು. ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಜೇವರ್ಗಿಯಲ್ಲಿ ಒಮ್ಮೆ ಜನ 'ಒನ್ಸ್ ಮೋರ್' ಎಂದು ಸೀಟಿ ಹೊಡೆದಾಗ ಎದ್ದು, ಧೋತರ ಝಾಡಿಸಿಕೊಂಡು, ಬೇರೆ ಹಾಡು ಹೇಳಿ ಇನ್ನೊಮ್ಮೆ ಸತ್ತ.

ಇಂಥ ಕಲಾವಿದನ ತಾರೀಖು ನೋಡಿಕೊಳ್ಳುವುದು ನನ್ನ ಕೆಲಸ. ಅಂಗಡಿಯಲ್ಲೇ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದೆ: "ಸೋಮವಾರ ಸಾಯಾಕ ಆಗಂಗಿಲ್ರಿ, ಅವತ್ತ ಅಫಜಲಪುರದಾಗ ಸಾಯೋದದ. ಬುಧವಾರ ನಡಿತದೇನ್ರಿ? ಹಾಡು ಹಿಡಿದು ಅರ್ಧ ತಾಸು ಬೇಕು." ಒಮ್ಮೆ ಫೋಟೊ ಲ್ಯಾಮಿನೇಷನ್ ಮಾಡಿಸಲು ಬಂದ ಮಾಸ್ತರರೊಬ್ಬರು ಈ ಮಾತು ಕೇಳಿ ಫೋಟೊ ಬಿಟ್ಟೇ ಹೋದರು. ಫೋಟೊ ಇನ್ನೂ ಡ್ರಾಯರಿನಲ್ಲಿದೆ. ನನ್ನ ಹೆಂಡತಿ ಸುವರ್ಣ ಮಾತ್ರ ಈ ಹುದ್ದೆಯನ್ನು ಎಂದೂ ಒಪ್ಪಲಿಲ್ಲ. "ಮಂದಿ ಮ್ಯಾನೇಜರ್‌ಗೋಳು ಬದುಕಿದವರನ್ನ ನೋಡ್ಕೋತಾರ, ನೀವು ಸಾಯೋರನ್ನ ಹಿಡಕೊಂಡು ತಿರಗ್ತೀರಿ" ಎನ್ನುತ್ತಿದ್ದಳು.

ಹೋದ ವರ್ಷ ಭೂಸನೂರಿನ ತರುಣ ಸಂಘದವರು ನಾಟಕ ಇಟ್ಟುಕೊಂಡರು. ರಾತ್ರಿ ಕಬ್ಬಿಗೆ ನೀರು ಬಿಡುವ ಸರದಿ ಎಲ್ಲರಿಗೂ ಇದ್ದುದರಿಂದ ಆಟ ಭಾನುವಾರ ಮಧ್ಯಾಹ್ನ, ಶಾಮಿಯಾನದ ಕೆಳಗೆ. ನಾನು ರಂಗದ ಹಿಂದೆ ಹೋದಾಗ ಶರಣಪ್ಪ ಅರ್ಧ ಮೀಸೆ ಅಂಟಿಸಿಕೊಂಡು, ಉಳಿದರ್ಧ ಕೈಯಲ್ಲಿ ಹಿಡಿದು ಕುಳಿತಿದ್ದ.

"ಮ್ಯಾನೇಜರ್ ಸಾಹೇಬ್ರ, ಇವತ್ತ ನಂಗ ಸಾಯಾಕ ಆಗಂಗಿಲ್ರಿ."

"ಯಾಕೋ, ಆರಾಮಿಲ್ಲೇನು?"

"ಆರಾಮ ಇದ್ದೀನ್ರಿ. ನಮ್ಮವ್ವ ಬಂದಾಳ."

ಪರದೆ ಸರಿಸಿ ನೋಡಿದೆ. ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಸೇಂಗಾದ ಗಂಟು ಇಟ್ಟುಕೊಂಡು ಅವನ ತಾಯಿ ಗುರುಬಾಯಿ ಕುಳಿತಿದ್ದಳು. ಭೂಸನೂರು ಅವಳ ತವರು. ಮಗನ ನಾಟಕವನ್ನು ಒಮ್ಮೆಯೂ ನೋಡದ ಮುದುಕಿ, ಅಣ್ಣನ ಮನೆಗೆ ಬಂದವಳು, ಹಾಗೆಯೇ ನಾಟಕಕ್ಕೂ ಬಂದುಬಿಟ್ಟಿದ್ದಳು.

"ಬರಲಿ ಬಿಡೋ, ಛಲೋ ಆಯ್ತು" ಅಂದೆ.

"ನಿಮಗ ತಿಳಿಯಂಗಿಲ್ರಿ" ಎಂದು ಅವನು ದನಿ ಇಳಿಸಿದ. "ನಮ್ಮಣ್ಣ ಸಣ್ಣವನಿದ್ದಾಗ ಹೋದ. ಅವ್ವಗ ನಾ ಒಬ್ಬನೇ ಉಳಿದೀನಿ. ನಾಟಕದಾಗ ದೊಡ್ಡ ಪಾರ್ಟು ಮಾಡ್ತೀನಿ ಅಂತ ಹೇಳೀನಿ, ಸಾಯ್ತೀನಿ ಅಂತ ಹೇಳಿಲ್ಲ. ಅಕಿ ಮುಂದ ಕಣ್ಣು ಮುಚ್ಚಿ ಬೀಳಾಕ ನನ್ನಿಂದ ಆಗಂಗಿಲ್ರಿ."

ಆರು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನಿಜವಾದ ಮ್ಯಾನೇಜರ್ ಕೆಲಸ ಬಂದಿತ್ತು. ಅಣ್ಣ ಸಾಯದಿದ್ದರೆ ಸೇಡು ಇಲ್ಲ, ಸೇಡು ಇಲ್ಲದಿದ್ದರೆ ಉಳಿದರ್ಧ ನಾಟಕವೇ ಇಲ್ಲ. ಸಂಘದ ಅಧ್ಯಕ್ಷರು ನನ್ನ ಹಿಂದೆಯೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ತಾಯಿಗೆ ತಿಳಿಸಿ ಹೇಳಿದರೆ ಆಯಿತಲ್ಲ ಎಂದುಕೊಂಡು ಅವರನ್ನೂ ಕರೆದುಕೊಂಡು ಗುರುಬಾಯಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತೆ.

"ಆಯಿ, ನಾಟಕದಾಗ ನಿಮ್ಮ ಮಗ ಸಾಯ್ತಾನ. ಹೆದರಬ್ಯಾಡ್ರಿ, ಎಲ್ಲಾ ಸುಳ್ಳು. ಚಾಕು ಸೈತ ರಟ್ಟಿಂದು."

ಅವಳು ಸೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ಯಾಕ ಸಾಯ್ತಾನ?"

"ಗೌಡ ಹೊಡಿತಾನ್ರಿ."

"ಯಾವ ಗೌಡ? ನಾ ಇಲ್ಲಿ ಕೂತಿರೂತನ ಹೆಂಗ ಹೊಡಿತಾನ ನೋಡ್ತೀನಿ."

"ಆಯಿ, ಖರೇ ಹೊಡೆಯಂಗಿಲ್ಲ. ನೋವಿಲ್ಲ, ರಕ್ತ ಇಲ್ಲ. ಸುಮ್ಮ ಬಿದ್ದು ಕಣ್ಣು ಮುಚ್ಚೋದು, ಅಷ್ಟ."

"ಅಷ್ಟು ಹಗುರ ಅದ ಅಂದ್ರ ನೀನ ಸಾಯಿ ತಮ್ಮಾ" ಅಂದಳು ಗುರುಬಾಯಿ, ಬಹಳ ಶಾಂತವಾಗಿ.

ಸುತ್ತಲಿನ ಹೆಂಗಸರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಹಿಂದೆ ನಿಂತಿದ್ದ ಅಧ್ಯಕ್ಷರು ಮಾತ್ರ ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ನೋಡಿದರು. ಕಾಲು ಗಂಟೆಯೊಳಗೆ ನನ್ನ ಪ್ಯಾಂಟು ಬಿಚ್ಚಿಸಿ ಧೋತರ ಉಡಿಸಿದ್ದರು. ಕಥೆಯನ್ನೂ ತಿದ್ದಿದ್ದರು: ಗೌಡನ ಚಾಕುವಿಗೆ ಅಡ್ಡ ಬಂದು ಮನೆಯ ನಂಬಿಗಸ್ತ ಆಳು ಸಾಯುತ್ತಾನೆ, ಅಣ್ಣನೇ ಸೇಡು ತೀರಿಸಿಕೊಳ್ಳುತ್ತಾನೆ. ನನಗಿದ್ದದ್ದು ಒಂದೇ ಮಾತು: "ಧಣೀ, ಉಪ್ಪಿನ ಋಣ ತೀರಿತು." ಎಷ್ಟೋ ಸಲ ಶರಣಪ್ಪ ಸತ್ತದ್ದನ್ನು ಹತ್ತಿರದಿಂದ ಕಂಡವನು ನಾನು, ಇದೇನು ಮಹಾ ಎಂಬ ಧೈರ್ಯವಿತ್ತು.

ಗೌಡನ ಪಾತ್ರದ ಭೀಮಾಶಂಕರ ನಿಜಜೀವನದಲ್ಲಿ ಕಿರಾಣಿ ಅಂಗಡಿಯವನು, ಇರುವೆಗೂ ದಾರಿ ಬಿಡುವ ಮನುಷ್ಯ. ಅವನು ಚಾಕು ಎತ್ತಿದ. ನಾನು ಅಡ್ಡ ಹೋದೆ. ಚಾಕು ತಾಗಿತು. ಆಗ ನನಗೆ ಹೊಳೆದದ್ದು ಋಣದ ಮಾತಲ್ಲ, ಕನ್ನಡಕ. ಹೊಸದಾಗಿ ಮಾಡಿಸಿದ್ದು. ತೆಗೆದು, ಮಡಚಿ, ಅಂಗಿಯ ಜೇಬಿನಲ್ಲಿಟ್ಟೆ. ಆಮೇಲೆ ಬೀಳೋಣವೆಂದರೆ ಹಲಗೆಯಲ್ಲೊಂದು ಮೊಳೆ ಎದ್ದಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. "ಬೀಳ್ರಿ, ಜಲ್ದಿ ಬೀಳ್ರಿ" ಎಂದು ಭೀಮಾಶಂಕರ ಪಿಸುಗುಟ್ಟಿದ. ನನಗೆ ಸೊಂಟದ ನೋವು, ಒಮ್ಮೆಲೇ ಬೀಳುವಂತಿಲ್ಲ. ಮೊದಲು ಕುಳಿತೆ, ಆಮೇಲೆ ಒಂದು ಕೈ ಊರಿ ಒರಗಿದೆ, ಕೊನೆಗೆ ಮಲಗಿದೆ. ಮಲಗಿದ ಮೇಲೆ ಧೋತರ ಸರಿಮಾಡಿಕೊಂಡೆ. ಜನರ ಮಧ್ಯದಿಂದ ಯಾರೋ ಕೂಗಿದರು: "ಗೌಡ್ರ, ಇನ್ನೂ ಜೀವ ಅದ, ಇನ್ನೊಂದು ಹಾಕ್ರಿ!" ಶಾಮಿಯಾನ ಹಾರಿಹೋಗುವಂಥ ನಗು.

ಆ ನಗುವಿನ ನಡುವೆ ಶರಣಪ್ಪ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಸಾಯುವುದನ್ನಷ್ಟೇ ಬಲ್ಲವನೆಂದು ನಾನು ತಿಳಿದಿದ್ದ ಶರಣಪ್ಪ ಅವತ್ತು ಸತ್ತವನ ಪಕ್ಕ ಕುಳಿತು ಅತ್ತ. ದೊಡ್ಡ ದನಿ ತೆಗೆಯಲಿಲ್ಲ. ನನ್ನ ಕೂದಲು ನೇವರಿಸಿ, "ಏಳಪ್ಪಾ, ಹೊತ್ತು ಹೋಯ್ತು, ಮನೀಗಿ ಹೋಗೋಣು" ಅಂದ. ನಾಟಕದ ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಅದು ಯಾರಿಗೆ ಹೇಳಿದ ಮಾತೆಂದು ನನಗೆ ಗೊತ್ತಾಯಿತು. ನಗು ನಿಂತಿತು. ಅವನ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು, ನನ್ನದೂ ಸೇರಿತು. ಹೆಣ ಅಳಬಾರದೆಂಬುದು ಗೊತ್ತಿತ್ತು, ಆದರೆ ತಡೆಯಲಾಗಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ: ಗುರುಬಾಯಿ ಸೇಂಗಾದ ಗಂಟನ್ನು ಎದೆಗೆ ಒತ್ತಿಕೊಂಡು ಮಗನನ್ನೇ ನೋಡುತ್ತಿದ್ದಳು. ಉಳಿದರ್ಧ ನಾಟಕವನ್ನು ಅವನು ಕೊನೆಯವರೆಗೂ ಬದುಕಿದ್ದು ನಡೆಸಿದ.

ಆಟ ಮುಗಿದ ಮೇಲೆ ಗುರುಬಾಯಿ ನನ್ನನ್ನು ಕರೆಸಿದಳು. ಉಪ್ಪು, ಮೆಣಸಿನಕಾಯಿ ನೀವಾಳಿಸಿ, "ಸಿಟ್ಟಿಲೆ ಅಂದ ಮಾತು, ಮನಸಿಗಿ ಹಚ್ಕೋಬ್ಯಾಡ ತಮ್ಮಾ" ಅಂದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಆದರೆ ಒಮ್ಮೆ ಬಣ್ಣ ಹಚ್ಚಿದವನಿಗೆ ಒಂದು ತುರಿಕೆ ಇರುತ್ತದೆ. "ಆಯಿ, ನನ್ನ ಪಾರ್ಟು ಹೆಂಗಿತ್ತು?" ಎಂದು ಕೇಳಿಬಿಟ್ಟೆ.

"ಖರೇ ಹೇಳ್ಲಿ? ನೀ ಸತ್ತದ್ದು ಗೊತ್ತ ಆಗಲಿಲ್ಲ ನೋಡು."

ಈಗ ಶರಣಪ್ಪನನ್ನು ಸಾಯಲು ಯಾರೂ ಕರೆಯುವುದಿಲ್ಲ, ಬದುಕಲು ಕರೆಯುತ್ತಾರೆ. ತಾಯಿ ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿರುತ್ತಾಳೆ. ನನ್ನ ಸಾವಿನ ವಿಡಿಯೊ ನಾನು ಮನೆ ಮುಟ್ಟುವ ಮೊದಲೇ ಸುವರ್ಣಳ ಫೋನಿಗೆ ಬಂದಿತ್ತು. ನಾಲ್ಕು ಸಲ ನೋಡಿದಳು. "ಇದರಾಗ ಹೊಸಾದೇನದ? ಮನ್ಯಾಗ ಕೆಲಸ ಹೇಳಿದ್ರ ದಿನಾ ಹಿಂಗ ಒರಗ್ತೀರಿ" ಅಂದಳು. ಕಲಾಜೀವನ ಇಲ್ಲಿಗೆ ಸಾಕು ಎಂದು ಅಂದೇ ನಿಶ್ಚಯ ಮಾಡಿದೆ. ಮರುವಾರ ಜೇವರ್ಗಿಯಿಂದ ಫೋನ್ ಬಂತು: "ಭೂಸನೂರದಾಗ ಒಬ್ಬರು ಸತ್ತರಂತಲ್ರಿ, ಜನಾ ಹೊಟ್ಟಿ ಹಿಡಕೊಂಡು ನಕ್ಕಾರಂತ. ಅವರನ್ನ ನಮ್ಮ ಕಡೀನೂ ಕಳಸ್ರಿ." ನಾನು ಮ್ಯಾನೇಜರ್, ಕಲಾವಿದನಲ್ಲ, ಅದೊಂದು ಆಕಸ್ಮಿಕ ಎಂದು ಗಂಭೀರವಾಗಿ ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ:

"ರಿಹರ್ಸಲ್ ಎಷ್ಟು ದಿನ ಇಡ್ತೀರಿ?"