ನಮ್ಮ ಬಚ್ಚಲ ನಳ ಮತ್ತು ಒಣಗಲೊಲ್ಲದ ಕೌದಿ

ರಾಮತೀರ್ಥ ನಗರ, ಬೆಳಗಾವಿ
೨೬ ಮೇ ೧೯೮೭

ಈ ಓಣಿಯ ಸಮಸ್ತ ಕೊಡಗಳೇ, ಹಂಡೆಗಳೇ, ಬುಡಕ್ಕೆ ಡಾಂಬರು ಹಚ್ಚಿಸಿಕೊಂಡು ಇನ್ನೂ ಸೇವೆಯಲ್ಲಿರುವ ಬಕೀಟುಗಳೇ, ಹಾಗೂ ಇವನ್ನೆಲ್ಲ ಸೊಂಟದ ಮೇಲೆ ಹೊತ್ತು ನಡೆಯುವ ಮಹಾಜನರೇ, ಹಿಟ್ಟಿನ ಗಿರಣಿಯ ಪಾಳಿ ತಪ್ಪದಂತೆ ನಿಂತಲ್ಲೇ ನಿಂತು, ಗಿರಣಿಯ ಗೋಡೆಗೆ ಅಂಟಿಸಿದ ಈ ಪತ್ರವನ್ನು ಓದಬೇಕಾಗಿ ವಿನಂತಿ. ಇದು ತಮಗೆ ಬರೆದದ್ದಲ್ಲ. ತಾವು ಸಾಕ್ಷಿಗಳು ಮಾತ್ರ.

ಮಾನ್ಯ ನಳರಾಯರೇ,

ನಮ್ಮ ಬಚ್ಚಲಿನ ಬಲಗೋಡೆಯಲ್ಲಿ ಹಿತ್ತಾಳೆಯ ಮೈ ಹೊತ್ತು ಮೆರೆಯುತ್ತಿರುವ ತಮಗೆ, ಅದೇ ಮನೆಯಲ್ಲಿ ತಮಗಿಂತ ಕಡಿಮೆ ಉಪಯೋಗಕ್ಕೆ ಬರುತ್ತಿರುವ ಉಳವಪ್ಪನ ಸವಿನಯ ನಮಸ್ಕಾರಗಳು. ತಾವು ಎರಡು ದಿನಕ್ಕೊಮ್ಮೆ ಒಂದು ತಾಸು ಮಾತನಾಡುವವರು, ನಾನು ದಿನವಿಡೀ ಮಾತನಾಡುವವನು. ಆದರೂ ಯಾರ ದನಿಗೆ ಜನ ಓಡಿ ಬರುತ್ತಾರೆಂಬುದನ್ನು ನಾನು ಬಲ್ಲೆ. ಆ ಬಗ್ಗೆ ನನಗೆ ಅಸೂಯೆಯಿಲ್ಲ. ಇದ್ದರೆ ಅದಕ್ಕೆ ಬೇರೆ ಅರ್ಜಿ ಬರೆದುಕೊಳ್ಳುತ್ತೇನೆ.

ತಮ್ಮ ದನಿಯ ಮಹಿಮೆಯನ್ನು ನಾನಾದರೂ ಎಷ್ಟೆಂದು ಹೊಗಳಲಿ? ಸಭೆಯ ಅಧ್ಯಕ್ಷರಂತೆ ತಾವು ಖೊರ್ರ್ ಎಂದು ಗಂಟಲು ಸರಿಪಡಿಸಿಕೊಂಡರೆ ಸಾಕು, ಓಣಿಯಲ್ಲಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ಅರ್ಧ ತಲೆಗೇ ಎದ್ದು ಓಡುತ್ತಾರೆ, ಜಗಳಾಡುತ್ತಿದ್ದವರು ಬೈಗುಳವನ್ನು ಅಲ್ಲಿಗೇ ಮಡಚಿಟ್ಟು ಒಳಗೆ ಹೋಗುತ್ತಾರೆ, ಮತ್ತು ನಾನು, ನಲವತ್ತಾರು ವರ್ಷದ ಕನ್ನಡ ಪದವೀಧರ, ಎಂಥ ಘನವಾದ ಚಿಂತನೆಯಲ್ಲಿದ್ದರೂ ತಕ್ಷಣ ಬಚ್ಚಲಿಗೆ ಹೋಗಲೇಬೇಕಾದ ತುರ್ತಿಗೆ ಒಳಗಾಗುತ್ತೇನೆ. ಆದರೆ ಆ ಹೊತ್ತಿಗೆ ಅಲ್ಲಿ ಒಂಬತ್ತು ಕೊಡಗಳು ನನಗಿಂತ ಮೊದಲೇ ಪಾಳಿ ಹಚ್ಚಿರುತ್ತವೆ.

ತಾವು ಯಾವಾಗ ದಯಮಾಡಿಸುತ್ತೀರೆಂದು ಕಾಯುತ್ತ ಕೂಡುವ ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಈ ಓಣಿಯಲ್ಲೊಂದು ಪದ್ಧತಿಯಿದೆ: ಒಣ ನಳವನ್ನು ತೆರೆದೇ ಇಟ್ಟು, ಅದರ ಕೆಳಗೆ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕುವುದು. ಮೊದಲ ಹನಿ ಬಿದ್ದೊಡನೆ ಡಬ್ಬಿ ಟಣ್ ಎನ್ನುತ್ತದೆ. ನಮ್ಮದು ಅವಲಕ್ಕಿಯ ಡಬ್ಬಿ, ಬಾಜು ಮನೆಯ ಹುಸೇನಬೀ ಅವರದು ಬಿಸ್ಕೀಟಿನ ಡಬ್ಬಿ. ಖಾನಾಪುರದಲ್ಲಿ ಮಲಪ್ರಭೆಗೆ ಕಾಲು ಇಳಿಬಿಟ್ಟುಕೊಂಡೇ ಬೆಳೆದ ನನ್ನ ಹೆಂಡತಿ ಕಾಂತಾ ಯಾವ ಡಬ್ಬಿ ಯಾರದೆಂದು ರೊಟ್ಟಿ ಬಡಿಯುತ್ತಲೇ ಹೇಳಬಲ್ಲಳು. ಅಷ್ಟೇ ಅಲ್ಲ, ಕೊಡ ತುಂಬುವ ಸಪ್ಪಳ ಕೇಳಿ ಅಡಿಗೆಮನೆಯಿಂದಲೇ "ಹೊಟ್ಟಿಗಿ ಬಂತು ನೋಡ್ರಿ... ಕೊರಳಿಗಿ ಬಂತು, ಬಂದ್ ಮಾಡ್ರಿ" ಎಂದು ಕೂಗಬಲ್ಲಳು. ನಾನೋ, ಯಾರ ವರ್ಗಾವಣೆಯಿರಲಿ, ಯಾರ ನಿವೃತ್ತಿಯಿರಲಿ, ತ್ರಾಸಿಲ್ಲದೆ ಪ್ರಾಸ ಹೊಂದಿಸುತ್ತೇನೆಂದು ಇಪ್ಪತ್ತು ವರ್ಷದಿಂದ ನನ್ನ ಕಿವಿಯನ್ನು ನಾನೇ ಹೊಗಳಿಕೊಂಡು ಬಂದವನು. ನನಗೆ ಕೊಡ ತುಂಬಿದ್ದು ಗೊತ್ತಾಗುವುದು ಅಂಗಾಲು ತೊಯ್ದ ಮೇಲೆಯೇ.

ಹೀಗಾಗಿ ಕಾಂತಾ ಮನೆ ಬಿಟ್ಟು ಹೊರಗೆ ಹೊರಟಾಗೆಲ್ಲ ತಮ್ಮನ್ನು ಬಿಗಿಯಾಗಿ ತಿರುವಿ, ಡಬ್ಬಿಯನ್ನು ಮೇಲೆ ಗೋಡೆಯ ಮಾಡದಲ್ಲಿಟ್ಟೇ ಹೋಗುವಳು. "ಮನ್ಯಾಗ ನಾ ಅದೀನಲ್ಲ" ಎಂದು ನಾನು ಅಂದರೆ, "ಅದಕ್ಕನ ಬಂದ್ ಮಾಡಿ ಹೊಂಟೀನ್ರಿ" ಎನ್ನುವಳು.

ಇನ್ನು ಘಟನೆಗೆ ಬರುತ್ತೇನೆ. ಈ ತಿಂಗಳ ಮೂರನೆಯ ತಾರೀಖು ರವಿವಾರ, ರಮಜಾನಿನ ಶಾವಿಗೆ ಹೊಸೆಯಲು ಕಾಂತಾ ಹುಸೇನಬೀ ಅವರ ಮನೆಗೆ ಹೋಗಿದ್ದಳು. ಮನೆಯಲ್ಲಿದ್ದವರು ಇಬ್ಬರೇ, ತಾವು ಮತ್ತು ನಾನು. ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ದುಂಡಪ್ಪ ಸಾಹೇಬರ ನಿವೃತ್ತಿಗಾಗಿ ನಾನು ಪದ್ಯ ಹೊಸೆಯುತ್ತಿದ್ದೆ.

ಕಡತ ಕಂಡರೆ ಕರಗುತ್ತಿದ್ದಿರಿ ಕರ್ಪೂರದಂತೆ,
ಹೊಡೆತ ಬಿದ್ದರೂ ನಗುತ್ತಿದ್ದಿರಿ ಮದ್ದಳೆಯಂತೆ

ಎಂಬಲ್ಲಿಗೆ ಬಂದು ನಿಂತಿದ್ದೆ. ಆಗ ತಾವು, ಕೂಲಂಕಷ ವಿಚಾರಣೆಯ ನಂತರ ನನಗೆ ಅನ್ನಿಸಿದಂತೆ, ತಮ್ಮ ಕಿವಿಯನ್ನು ತಾವೇ ತಿರುವಿಕೊಂಡು ಸುರಿಯತೊಡಗಿದಿರಿ. ನನಗೆ ಕೇಳಿಸಲಿಲ್ಲವೆಂದು ಹೇಳುವುದಿಲ್ಲ. ಕೇಳಿಸಿತು. ಎಷ್ಟು ಚೆಂದಾಗಿ ಕೇಳಿಸಿತೆಂದರೆ, ತಿಂಗಳಿನಿಂದ ಮುನಿಸಿಕೊಂಡಿದ್ದ ಪ್ರಾಸಗಳೆಲ್ಲ ಕೈಹಿಡಿದುಕೊಂಡು ಬಂದವು. ಹನ್ನೆರಡನೆಯ ಸಾಲಿಗೆ ತಲೆಯೆತ್ತಿ ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ತೇಲುತ್ತ, ಯಾರಿಗೂ ಹೇಳದೆ, ಹೊಸ್ತಿಲಿನತ್ತ ಹೊರಟಿತ್ತು.

ಚಪ್ಪಲಿಯ ಚಿಂತೆಯಿಲ್ಲ. ಮಂಚದ ಕೆಳಗೆ ಚಾಪೆಯ ಮೇಲೆ ಕೌದಿಯಿತ್ತು. ಕಾಂತಾಳ ತಾಯಿ ಅಕ್ಕವ್ವ ತಮ್ಮ ಕೊನೆಯ ವರ್ಷ, ಕಣ್ಣು ಮಂಜಾದ ಮೇಲೆ, ಸೂಜಿಗೆ ದಾರವನ್ನು ಮಗಳ ಕೈಯಿಂದ ಪೋಣಿಸಿಕೊಂಡು, ತಮ್ಮ ಇಳಕಲ್ ಸೀರೆಗಳನ್ನೂ ಗಂಡನ ಧೋತರಗಳನ್ನೂ ಕೂಡಿಸಿ ಹೊಲಿದ ಕೌದಿ. ಸೀರೆಯ ಕೆಂಪೆಲ್ಲ ಧೋತರಕ್ಕೆ ಇಳಿದಿತ್ತು.

ಹುಸೇನಬೀ ಅವರು ಕೈಗೆ ಹತ್ತಿದ ಹಿಟ್ಟಿನೊಂದಿಗೇ ಓಡಿ ಬಂದರು, ಅವರ ಹಿಂದೆ ನಾಲ್ಕು ಮನೆಯ ಮಂದಿ, ಅವರೆಲ್ಲರ ನಡುವಿನಿಂದ ಕಾಂತಾ. ಮಂದಿಯನ್ನು ಕಂಡೊಡನೆ ನನ್ನೊಳಗಿನ ಯಜಮಾನ ಎಚ್ಚರಗೊಂಡು, "ನಳಾ ಬಂದ್ ಮಾಡಲಾರದ ಹೋಗೀಯಲ್ಲ, ಖಬರ್ ಐತೇನ ನಿನಗ?" ಎಂದು ಗುಡುಗಿದ. ಕಾಂತಾ ತಮ್ಮನ್ನು ನೋಡಿದಳು, ತಮ್ಮ ಕೆಳಗೆ ಬೋರಲು ಬಿದ್ದಿದ್ದ ಅವಲಕ್ಕಿ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದ್ರಿ, ನಂದ ತಪ್ಪು" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಲಗೂ ತಪ್ಪು ಒಪ್ಪಿಕೊಂಡದ್ದಿಲ್ಲ. ನಾನು ಅಲ್ಲೇ ಹೆದರಬೇಕಿತ್ತು. "ಹೊಳ್ಯಾಗ ಒಗದು, ಒಣಗಿದ ಮ್ಯಾಲ ಬರ್ತೀನಿ" ಎಂದು ಕೌದಿಯನ್ನು ಹಿಂಡಿ ಬುಟ್ಟಿಯಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಖಾನಾಪುರಕ್ಕೆ ಹೋದಳು.

ವೈಶಾಖದ ಬಿಸಿಲಿನಲ್ಲಿ ಒಂದು ಕೌದಿ ಒಣಗಲು ಎಷ್ಟು ದಿನ ಬೇಕು, ನಳರಾಯರೇ? ಇಂದಿಗೆ ಇಪ್ಪತ್ತಮೂರು ದಿನ. ಹುಸೇನಬೀ ಅವರ ಯಜಮಾನರಾದ ಗೌಸಸಾಬರು ಖಾನಾಪುರದ ಬಸ್ಸಿಗೇ ಕಂಡಕ್ಟರಾದ್ದರಿಂದ ಪ್ರತಿ ಸಂಜೆ ಅವರು ಬರುವ ಹೊತ್ತಿಗೆ ನನಗೆ ಅಂಗಳದಲ್ಲಿ ಏನಾದರೂ ಕೆಲಸ ಒದಗುತ್ತದೆ. "ಇನ್ನೂ ಹಸೀ ಐತಂತ್ರೀ" ಎನ್ನುತ್ತಾರೆ. ನಿನ್ನೆ ಮಾತ್ರ ಸೈಕಲ್ಲಿನಿಂದ ಇಳಿದು ನಿಂತು, "ನೋಡ್ರಿ ಉಳವಪ್ಪನೋರ, ಮಳಿಗಾಲ ಹತ್ತಿದ್ರ ಆಮ್ಯಾಲ ಅದು ಒಣಗೂದು ಭಾಳ ತ್ರಾಸ" ಎಂದರು. ಅಷ್ಟೇ ಅಂದು, ಒಳಗೆ ಹೋದರು.

ತಾವು ಈಗಲೂ ಎರಡು ದಿನಕ್ಕೊಮ್ಮೆ ಬರುತ್ತೀರಿ. ತಮ್ಮ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನಾನು ಅಡಿಗೆಮನೆಯ ಕಡೆಗೆ ಕಿವಿಗೊಡುತ್ತೇನೆ. ಆ ಕಡೆಯಿಂದ ಯಾರೂ "ಬಂದ್ ಮಾಡ್ರಿ" ಎನ್ನುವುದಿಲ್ಲ. ಕೊಡ ತುಳುಕುತ್ತದೆ.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳು. ಇನ್ನು ಮೇಲೆ ಬರುವ ಮುನ್ನ ಒಂದು ಕಾರ್ಡು ಬರೆದು ಹಾಕಬೇಕು. ಕೊಡ ಕೊರಳಿಗೆ ಬಂದಾಗ ಸ್ವಚ್ಛ ಕನ್ನಡದಲ್ಲಿ ಸಾಕು ಎನ್ನಬೇಕು, ಮರಾಠಿಯಾದರೂ ನಡೆದೀತು, ನನ್ನ ಹೆಂಡತಿಯ ತವರಿನಲ್ಲಿ ಎರಡೂ ನಡೆಯುತ್ತವೆ. ಮತ್ತು ಅಂದು ಸುರಿದ ನೀರನ್ನು ಒಂದು ಹನಿಯೂ ಬಿಡದೆ ವಾಪಸು ಎಳೆದುಕೊಳ್ಳಬೇಕು. ಧೋತರಕ್ಕಿಳಿದ ಕೆಂಪನ್ನು ಸೀರೆಗೆ ಮುಟ್ಟಿಸಬೇಕು. ನೀರು ಹಿಂದಕ್ಕೆ ಹೋಗುವಾಗ ನಾಲ್ಕು ಮನೆಯ ಕಿವಿಗಳಲ್ಲಿ ನಿಂತಿರುವ ನನ್ನ ಆ ಒಂದು ಮಾತನ್ನೂ ಬಳಿದುಕೊಂಡು ಹೋಗಬೇಕು. ನನ್ನ ಹನ್ನೆರಡು ಸಾಲನ್ನು ಮಾತ್ರ ಮರಳಿಸುವ ತೊಂದರೆ ಬೇಡ. ಪದ್ಯ ತೊಯ್ದುಹೋಯಿತೆಂದು ಕೇಳಿ ದುಂಡಪ್ಪ ಸಾಹೇಬರು ಸಮಾಧಾನದಿಂದಿದ್ದಾರೆ.

ತಮ್ಮ ವಿಶ್ವಾಸಿ,
ಉಳವಪ್ಪ

ತಾ.ಕ.: ನಳರಾಯರೇ, ತಮ್ಮ ಕಿವಿಯನ್ನು ತಾವೇ ತಿರುವಿಕೊಳ್ಳುವಷ್ಟು ಬುದ್ಧಿ ತಮಗಿದ್ದಿದ್ದರೆ ಅಂದು ತಾವೇ ನಿಲ್ಲುತ್ತಿದ್ದಿರಿ, ನನ್ನ ಹಾದಿ ಕಾಯುತ್ತಿರಲಿಲ್ಲ. ತಾವಿನ್ನು ಹೋಗಬಹುದು.

ಕಾಂತಾ, ನೀನು ಬಂದ್ ಮಾಡಿಯೇ ಹೋಗಿದ್ದಿ. ಡಬ್ಬಿ ಇಳಿಸಿ ನಳ ತೆರೆದವನು ನಾನು, ನನಗೂ ಕೇಳಿಸುತ್ತದೆ ಎಂದು ನಿನಗೆ ತೋರಿಸಲಿಕ್ಕೆ. ಸುಳ್ಳು ಹೇಳಿದ್ದು ಓಣಿಯ ಮುಂದೆ, ಅದಕ್ಕೇ ಇದನ್ನು ಗಿರಣಿಯ ಗೋಡೆಗೆ ಹಚ್ಚಿದ್ದೇನೆ. ನಿನ್ನ ಪ್ರತಿ ಗೌಸಸಾಬರ ಚೀಲದಲ್ಲಿದೆ. ಕೌದಿ ಹಸಿಯಿದ್ದರೂ ತಗೊಂಡು ಬಾ.